ಕೊಕ್ಕೆ ಬಿಚ್ಚದ ಪೆಟ್ಟಿಗೆ

‘ಗ್ಯಾಸ್ಟ್ರಿಕ್’ ಎಂಬ ಪದ ನನ್ನ ಬಾಯಿಂದ ಹೊರಬಿದ್ದದ್ದು ಒಂದು ಶುಕ್ರವಾರ, ಇಳಿಹೊತ್ತಿನ ಅಸರ್ ನಮಾಜಿಗೆ ಸ್ವಲ್ಪ ಮೊದಲು, ಮಸ್ಕತ್‌ನ ಅಲ್ ಮಬೇಲಾದ ಒಂದು ಸಣ್ಣ ಕ್ಲಿನಿಕ್ಕಿನ ಕೌಂಟರಿನ ಎದುರು. ಹೇಳಿದ್ದು ನನ್ನ ಬಗ್ಗೆ ಅಲ್ಲ. ಹಿಂದೆ ಬೆಂಚಿನ ಮೇಲೆ ಬಗ್ಗಿ ಕುಳಿತಿದ್ದ ಕಾದರನ ಬಗ್ಗೆ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವನು ಇರಲಿಲ್ಲ. ಮೂರು ತಿಂಗಳ ನಂತರ ಅದೇ ಕಾಯಿಲೆ ನನಗೂ ಬಂತು, ನಾನು ಉಳಿದೆ. ಈಗ ನನ್ನ ಮಣಿಕಟ್ಟಿನಲ್ಲಿ ಒಂದು ಚುಕ್ಕೆಯಷ್ಟು ಕಲೆ, ಎದೆಯೊಳಗೆ ಪೆನ್ನಿನ ಸ್ಪ್ರಿಂಗಿನಂಥದೊಂದು ಸ್ಟೆಂಟು, ಫ್ರಿಜ್ಜಿನ ಮೇಲೆ ವಾರದ ಏಳು ದಿನಕ್ಕೂ ಕೋಣೆ ಮಾಡಿದ ಮಾತ್ರೆ ಡಬ್ಬಿ. ನಿಮಗೆ ಗುಣವಾಗಿದೆ ಎನ್ನುತ್ತಾರೆ ಡಾಕ್ಟರು. ಇರಬಹುದು. ಆದರೆ ದಿನಕ್ಕೆ ಎರಡು ಮೂರು ಸಲ ನಾನು ಆ ಕೌಂಟರಿನ ಎದುರು ಹೋಗಿ ನಿಲ್ಲುತ್ತೇನೆ. ಲಿಫ್ಟಿನಲ್ಲಿ, ಸಿಗ್ನಲಿನಲ್ಲಿ, ಹಲ್ಲುಜ್ಜುವಾಗ. ಪ್ರತಿ ಸಲವೂ ಅದೇ ಪದ ಹೇಳುತ್ತೇನೆ.

ಕಾದರ್ ಮತ್ತು ನಾನು ಹಾಡು ಕಟ್ಟುವವರು. ಉಳ್ಳಾಲದ ಕಡೆಯ ಒಂದೇ ಊರು, ಒಂದೇ ಕನ್ನಡ ಶಾಲೆ. ನಾನು ಮುಂದೆ ಕಾಲೇಜಿಗೆ ಹೋಗಿ ಬಿ.ಎ. ಮಾಡಿದೆ, ಅವನು ಏಳನೆಯದಕ್ಕೇ ಬಿಟ್ಟು ಹೊಲಿಗೆ ಕಲಿತ. ಆ ಬಿ.ಎ.ಗಾಗಿ ಅವನು ನನ್ನನ್ನು ಜೀವಮಾನ ಪೂರ್ತಿ ‘ಮಾಷ್ಟ್ರೇ’ ಎಂದು ಕರೆದ, ನಾನು ಒಂದು ದಿನವೂ ಪಾಠ ಮಾಡಿದವನಲ್ಲ. ಒಮಾನಿಗೆ ಮೊದಲು ಬಂದವನು ಅವನು. ಮಬೇಲಾದಲ್ಲಿ ಕಾರಿನ ಸೀಟಿಗೆ ರೆಕ್ಸಿನ್ ಹೊಲಿಯುವ ವರ್ಕ್‌ಶಾಪು ಅವನದು. ನಾನು ಅಲ್ ಅಜೈಬಾದಲ್ಲಿ ಕಟ್ಟಡ ಸಾಮಾನಿನ ಕಂಪೆನಿಯೊಂದರಲ್ಲಿ ಕಾಗದಪತ್ರ ನೋಡುತ್ತೇನೆ. ಮಸ್ಕತ್‌ನಿಂದ ಬುರೈಮಿಯವರೆಗೆ ಊರಿನವರ ಮದುವೆಯಾಗಲಿ, ಕೂಟವಾಗಲಿ, ಕರೆ ಬಂದರೆ ನಾವಿಬ್ಬರೂ ಹೊರಡುತ್ತಿದ್ದೆವು. ಹಾರ್ಮೋನಿಯಂ ಪೆಟ್ಟಿಗೆ ಅವನದು, ಗಂಟಲು ನನ್ನದು. ನಮ್ಮ ಮನೆಮಾತು ಬ್ಯಾರಿಯ ಹಾಡು, ಕನ್ನಡ ಹಾಡು, ಎರಡೂ ನಮ್ಮದೇ.

ನಮ್ಮ ಕೆಲಸದ ಕ್ರಮ ಹೇಳಬೇಕು, ಯಾಕೆಂದರೆ ತಪ್ಪು ಹುಟ್ಟಿದ್ದು ಅಲ್ಲಿಯೇ. ಕಾದರನಿಗೆ ಸಾಲು ಹೊಳೆಯುವುದು ಹೊಲಿಗೆ ಮಿಷನ್ನಿನ ಮುಂದೆ. ಹೊಳೆದದ್ದನ್ನು ಅವನು ಗುರುತು ಹಾಕುವ ಚಾಕ್‌ಪೀಸಿನಲ್ಲಿ, ಉಳಿದ ರೆಕ್ಸಿನ್ ತುಂಡಿನ ಮೇಲೆ ಬರೆದಿಡುತ್ತಿದ್ದ. ಉದ್ದುದ್ದ ಸಾಲುಗಳು, ಯಾವ ತಾಳಕ್ಕೂ ಕೂರದವು. ನಾನು ಅದನ್ನು ಕತ್ತರಿಸಿ ಮಟ್ಟಿಗೆ ಕೂರಿಸುತ್ತಿದ್ದೆ. ಒಮ್ಮೆ ಮದುವೆ ಹಾಡಿಗೆ ಹೀಗೆ ಬರೆದಿದ್ದ: ‘ಮದುಮಗಳ ಉಮ್ಮ ಅಳುತ್ತಾ ಇಲ್ಲ, ಅಕ್ಕಿ ತೊಳೆದ ಕೈಯಲ್ಲೇ ಮುಖ ಒರೆಸಿಕೊಂಡದ್ದಕ್ಕೆ ಕಣ್ಣು ಒದ್ದೆ.’ ನಾನು ಮಾಡಿದ್ದು: ‘ಉಮ್ಮನ ಕಣ್ಣು ಒದ್ದೆ.’ ಹಾಡು ಎಲ್ಲ ಮದುವೆಗಳಲ್ಲೂ ಗೆದ್ದಿತು. ಕಾದರ್ ಮಾತ್ರ ಪ್ರತಿ ಸಲ ಆ ಸಾಲು ಬಂದಾಗ ನನ್ನ ಕಡೆ ನೋಡುತ್ತಿದ್ದ.

“ಕತ್ತರಿ ನನ್ನ ಕಸುಬು ಮಾಷ್ಟ್ರೇ. ಇರುವುದು ಮಾತ್ರ ನಿನ್ನ ಕೈಯಲ್ಲಿ.”

ಆ ಶುಕ್ರವಾರ ಜುಮಾ ಮುಗಿಸಿ, ಅವನ ಮನೆಯಲ್ಲೇ ಉಂಡು ವರ್ಕ್‌ಶಾಪಿಗೆ ಹೋದೆವು. ರಜೆಯ ದಿನ ಷಟರನ್ನು ಅರ್ಧ ಎಳೆದು ಒಳಗೆ ಕುಳಿತರೆ ಯಾರೂ ಕರೆಯುವುದಿಲ್ಲ. ಅವನು ಪೆಟ್ಟಿಗೆಯ ಎದುರು ಕುಳಿತವನು ನುಡಿಸಲೇ ಇಲ್ಲ. ಎಸಿ ಓಡುತ್ತಿತ್ತು, ಅವನ ಅಂಗಿ ಬೆನ್ನಿಗೆ ಅಂಟಿತ್ತು.

“ಎಂಥ ಆಯ್ತು ನಿನಗೆ?”

“ಎಂಥ ಅಂತ ಹೇಳುವುದು. ಯಾರೋ ಎದೆ ಮೇಲೆ ಪೆಟ್ಟಿಗೆ ಇಟ್ಟಿದ್ದಾರೆ. ಇಟ್ಟು, ತಿದಿಯ ಕೊಕ್ಕೆ ಬಿಚ್ಚದೆ, ನುಡಿಸು ನುಡಿಸು ಅಂತ ಹೇಳಿದ ಹಾಗೆ ಆಗ್ತಾ ಉಂಟು.”

ಹಾರ್ಮೋನಿಯಂ ಕಂಡವರಿಗೆ ಇದು ಗೊತ್ತು. ಹಿಂದಿನ ತಿದಿಯನ್ನು ಎರಡು ಕೊಕ್ಕೆ ಹಿಡಿದಿರುತ್ತವೆ. ಅದನ್ನು ಬಿಚ್ಚದಿದ್ದರೆ ಗಾಳಿ ಒಳಗೆ ಹೋಗುವುದಿಲ್ಲ, ಎಷ್ಟು ಒತ್ತಿದರೂ ಸ್ವರ ಹೊರಡುವುದಿಲ್ಲ. ಇಷ್ಟು ನಿಖರವಾಗಿ ಒಬ್ಬ ಮನುಷ್ಯ ತನ್ನ ಎದೆಯ ಬಗ್ಗೆ ಹೇಳಿದ್ದ. ನಾನು ನಕ್ಕೆ.

“ಒಳ್ಳೆ ಸಾಲು. ರೆಕ್ಸಿನಲ್ಲಿ ಬರೆ.”

“ಬರೆದರೆ ನೀನು ಅರ್ಧ ಕತ್ತರಿಸ್ತೀ” ಎಂದು ಅವನೂ ನಕ್ಕ.

“ಬಿರಿಯಾನಿ ಜಾಸ್ತಿ ಆಯ್ತು ನಿನಗೆ, ಅಷ್ಟೇ.” ಪಕ್ಕದ ಗ್ರೋಸರಿಯಿಂದ ಜೀರಾ ಸೋಡ ತಂದು ಕೊಟ್ಟೆ. ಅರ್ಧ ಗಂಟೆ ಹಾಗೆಯೇ ಹೋಯಿತು. ಆಮೇಲೆ ರಸ್ತೆ ದಾಟಿ ಕ್ಲಿನಿಕ್ಕಿಗೆ ನಡೆದೆವು. ನಡೆದೆವು, ಎಂಬುದನ್ನು ಗಮನಿಸಿ. ನನ್ನ ಕಾರು ಅಲ್ಲೇ ಇತ್ತು.

ಕೌಂಟರಿನಲ್ಲಿ ಫಿಲಿಪಿನೋ ಹುಡುಗಿ. ಮಲಯಾಳಿ ಇದ್ದಿದ್ದರೆ ಕಾದರ್ ತಾನೇ ಬ್ಯಾರಿಯಲ್ಲಿ ಮಾತಾಡುತ್ತಿದ್ದ, ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಇಂಗ್ಲಿಷ್ ಎಂದ ಕೂಡಲೇ ಅವನು ನನ್ನನ್ನು ಮುಂದೆ ಬಿಟ್ಟ. ಮೂವತ್ತು ವರ್ಷ ಅವನ ವೀಸಾದ ಅರ್ಜಿ, ವೀಸಾ ಕೊಟ್ಟ ಕಫೀಲನಿಗೆ ಬರೆಯುವ ಪತ್ರ, ಎಲ್ಲವನ್ನೂ ಬರೆದುಕೊಟ್ಟವನು ನಾನೇ ತಾನೆ. “ಪ್ರಾಬ್ಲಂ, ಸರ್?” ಎಂದಳು. ಎದೆ, ಪೆಟ್ಟಿಗೆ, ತಿದಿ, ಕೊಕ್ಕೆ. ಇದನ್ನೆಲ್ಲ ಯಾರು ಹೇಳುತ್ತಾ ಕೂರುವುದು. ಹಿಂದೆ ಸಾಲಿನಲ್ಲಿ ಜನ ಬೇರೆ. “ಗ್ಯಾಸ್ಟ್ರಿಕ್, ಆಫ್ಟರ್ ಲಂಚ್” ಎಂದೆ. ಅವಳು ಹಾಗೆಯೇ ಬರೆದುಕೊಂಡಳು.

ಒಳಗೆ ಡಾಕ್ಟರು ಆ ಚೀಟಿ ನೋಡಿ, “ಚೆಸ್ಟ್ ಪೇನ್?” ಎಂದು ಕೇಳಿದರು. ಕೇಳಿದರು, ಕೇಳಲಿಲ್ಲ ಎಂದು ಹೇಳುವ ಹಾಗಿಲ್ಲ. ನಾನು ಕಾದರನ ಕಡೆ ತಿರುಗಿದೆ.

“ಎದೆ ನೋವು ಉಂಟಾ ಅಂತ ಕೇಳ್ತಾರೆ.”

“ನೋವು ಅಂತ ಅಲ್ಲ ಅದು...” ಎಂದು ಅವನು ಪದ ಹುಡುಕಲು ಕಣ್ಣು ಮೇಲೆ ಮಾಡಿದ. ಹಾಡಿನ ಸಾಲಿಗೂ ಅವನು ಹಾಗೆಯೇ ಮೇಲೆ ನೋಡುತ್ತಿದ್ದ. ಸಾಲು ಬರುವವರೆಗೆ ನಾನು ಕಾಯಲಿಲ್ಲ.

“ನೋ” ಎಂದೆ ಡಾಕ್ಟರಿಗೆ.

ಮೂಲೆಯಲ್ಲಿ ಗಾಲಿಯ ಮೇಜಿನ ಮೇಲೆ ಇಸಿಜಿ ಯಂತ್ರಕ್ಕೆ ಹಸಿರು ಬಟ್ಟೆ ಹೊದಿಸಿತ್ತು. ಒಂದು ಇಂಜೆಕ್ಷನ್, ಒಂದು ಬಾಟಲಿ ಬಿಳಿ ಔಷಧಿ, ಖಲಾಸ್. ಅವನನ್ನು ಮನೆಗೆ ಬಿಟ್ಟೆ. ಕಾರಿನಿಂದ ಇಳಿಯುವಾಗ “ಈಗ ಅಡ್ಡಿಯಿಲ್ಲ” ಎಂದ. ನನಗೆ ಬೇಸರ ಆಗದಿರಲಿ ಎಂದು ಹೇಳಿದನೋ, ನಿಜವಾಗಿಯೂ ಅಡ್ಡಿಯಿರಲಿಲ್ಲವೋ, ಕೇಳಲು ಈಗ ಜನ ಇಲ್ಲ.

ಮರುದಿನ ವರ್ಕ್‌ಶಾಪಿನ ಪಕ್ಕದ ಟಯರ್ ಅಂಗಡಿಯ ಪಠಾಣ ಫೋನ್ ಮಾಡಿದ. “ಹಸನ್ ಭಾಯಿ, ಜಲ್ದಿ ಆಜಾವ್.” ನಾನು ಮುಟ್ಟುವಾಗ ಆಂಬುಲೆನ್ಸಿನವರು ಸಾಮಾನು ಕಟ್ಟುತ್ತಿದ್ದರು. ಯಾವುದೋ ದೊಡ್ಡ ಗಾಡಿಯಿಂದ ಕಳಚಿ ತಂದ, ಅರ್ಧ ಹೊಲಿದ ಸೀಟಿನಲ್ಲಿ ಅವನನ್ನು ಒರಗಿಸಿದ್ದರು. ಊರಿಗೆ ಒಯ್ಯದೆ ಒಮಾನಿನಲ್ಲೇ ದಫನ್ ಆಯಿತು. ಬಂದವರೆಲ್ಲ ನನ್ನ ಭುಜ ತಟ್ಟಿ ಒಂದೇ ಮಾತು ಹೇಳಿದರು: ಅವನ ಆಯುಸ್ಸು ಅಷ್ಟೇ. ನಾನು ದೇವರನ್ನು ನಂಬುವವನು. ಆದರೂ ಪ್ರತಿಯೊಬ್ಬರಿಗೂ, ಆಯುಸ್ಸು ಬೇರೆ, ಚೀಟಿಯಲ್ಲಿ ಬರೆಸಿದ್ದು ಬೇರೆ ಎಂದು ಹೇಳಬೇಕೆನಿಸುತ್ತಿತ್ತು. ಹೇಳಲಿಲ್ಲ. ಮನೆಗೆ ಬಂದು ನನ್ನ ಹೆಂಡತಿ ಸಫಿಯಾಳಿಗೆ ಮಾತ್ರ ಎಲ್ಲ ಹೇಳಿದೆ.

“ಇದನ್ನು ಜೋಹರಾಗೆ ಹೇಳ್ಬೇಕು” ಎಂದೆ. ಜೋಹರಾ ಕಾದರನ ಹೆಂಡತಿ.

“ಹೇಳ್ಬೇಕು” ಎಂದಳು ಸಫಿಯಾ. “ಇದ್ದತ್ ಮುಗೀಲಿ.”

ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆಯೊಳಗೇ ಇರುವ ಪದ್ಧತಿ ನಮ್ಮದು. ನಮ್ಮ ಕಡೆ ಆ ದಿನಗಳಲ್ಲಿ ಹೊರಗಿನ ಗಂಡಸರು ಹೋಗಿ ಎದುರು ಕೂರುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಂಥದನ್ನು ಫೋನಿನಲ್ಲಿ ಹೇಳುವುದೆಂದರೆ, ಕೇಳಿದವಳ ಮುಖ ನೋಡದೆ ತಪ್ಪಿಸಿಕೊಳ್ಳುವುದು. ಸಫಿಯಾ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದಳು. ನಾನು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದೆ. ಮೂರನೇ ಮಹಡಿಯ ಆ ಕಿಟಕಿ ನೋಡುತ್ತಾ ದಿನ ಲೆಕ್ಕ ಹಾಕುತ್ತಿದ್ದೆ. ನನ್ನ ಸಿಟ್ಟೆಲ್ಲ ಸಿಕ್ಕಸಿಕ್ಕವರ ಮೇಲೆ ಹೋಗುತ್ತಿತ್ತು. ಹಾಡಲು ಕರೆದವರಿಗೆ ಬೈದೆ. ಮಗಳು ಶಹನಾ, ಇಲ್ಲೇ ಹುಟ್ಟಿ ಇಲ್ಲೇ ಕೆಲಸಕ್ಕೆ ಸೇರಿದವಳು, “ಪಪ್ಪಾ, ಇಟ್ಸ್ ನಾಟ್ ಯುವರ್ ಫಾಲ್ಟ್” ಎಂದಳು. ಅವಳು ಹೇಳಿದ್ದು ಪ್ರೀತಿಯಿಂದ. ಆದರೆ ಯಾವ ಅಂಗಡಿಯಲ್ಲೂ ಸಿಗುವ ಮಾತು ಅದು. ಅವಳಿಗೂ ಬೈದೆ.

ಇದ್ದತ್ ಮುಗಿಯಲು ಇನ್ನು ನಲವತ್ತು ದಿನ ಇತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಆಫೀಸಿನಲ್ಲಿ ಒಂದು ಇನ್‌ವಾಯ್ಸ್ ಓದುತ್ತಿದ್ದೆ. ಅಕ್ಷರಗಳು ಸರಿಯಿದ್ದವು, ನನಗೆ ಮಾತ್ರ ಏನೋ ಸರಿಯಿರಲಿಲ್ಲ. ಎದೆಯ ನಡುವೆ ಭಾರ. ಎಡಗೈ ಅಲ್ಲ, ನೋವು ಅಲ್ಲ, ಸಿನಿಮಾದಲ್ಲಿ ತೋರಿಸುವ ಯಾವುದೂ ಅಲ್ಲ. ಇಷ್ಟೆಲ್ಲ ಆದ ಮೇಲೆ ನಾನು ಏನು ಮಾಡಿರಬೇಕು? ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೆಳಗೆ ಹೋಗಿ ಜೀರಾ ಸೋಡ ಕುಡಿದೆ. ತೇಗು ಬರಲಿ ಎಂದು ಐದು ನಿಮಿಷ ನಿಂತೆ. ಬರಲಿಲ್ಲ. ಬೆವರು ಬಂತು. ಸಫಿಯಾಳಿಗೆ ಫೋನ್ ಮಾಡಿದೆ.

“ಸ್ವಲ್ಪ ಗ್ಯಾಸ್...”

“ಆ ಪದ ಇನ್ನೊಮ್ಮೆ ನನ್ನ ಹತ್ತಿರ ಹೇಳ್ಬೇಡಿ” ಎಂದಳು. ಇಷ್ಟು ತಣ್ಣಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಎಂಥ ಆಗ್ತಾ ಉಂಟು, ಅದನ್ನು ಹೇಳಿ.”

ನಾನು ಪದ ಹುಡುಕಿದೆ. ಮೇಲೆ ನೋಡಿದೆ. ಸಿಕ್ಕಿದ್ದು ನನ್ನದಲ್ಲದ ಸಾಲು, ಪೂರ್ತಿ. ಹೇಳಿದೆ. ಅವಳು ಫೋನ್ ಇಟ್ಟಳು. ಅವಳನ್ನು ಕೂರಿಸಿಕೊಂಡು ಶಹನಾಳ ಕಾರು ಬರಲು ಹನ್ನೆರಡು ನಿಮಿಷ ಹಿಡಿಯಿತು. ಆ ಹನ್ನೆರಡು ನಿಮಿಷ ನಾನು ಹೆದರಿದ್ದು ಸಾವಿಗೆ ಎಂದರೆ ಅರ್ಧ ಸುಳ್ಳು. ಜೋಹರಾಗೆ ಹೇಳದೆ ಹೋಗುತ್ತೇನಲ್ಲ ಎಂಬುದು ಉಳಿದರ್ಧ.

ದೊಡ್ಡ ಆಸ್ಪತ್ರೆಯ ತುರ್ತು ವಿಭಾಗ. ಟೋಕನ್ ಕೊಡುವ ಯಂತ್ರ, ಕಾಯುವ ಕುರ್ಚಿಗಳು, ಕೈಗೆ ಬ್ಯಾಂಡೇಜು ಸುತ್ತಿಕೊಂಡ ಕೂಲಿಯವರು, ಅಳುವ ಮಗು. ಒಂದು ಕ್ಷಣ, ಟೋಕನ್ ತೆಗೆದುಕೊಂಡು ಮರ್ಯಾದೆಯಿಂದ ಕೂರೋಣ ಎನಿಸಿತು. ಸಫಿಯಾ ನನ್ನ ತೋಳು ಹಿಡಿದು ನೇರ ನರ್ಸಿನ ಮೇಜಿಗೆ ಒಯ್ದಳು. ಒಮಾನಿ ಹುಡುಗಿ, ನನ್ನ ಮಗಳ ಪ್ರಾಯ.

“ವಾಟ್ ಈಸ್ ದ ಪ್ರಾಬ್ಲಂ, ಬಾಬಾ?”

ಇಂಗ್ಲಿಷಿನಲ್ಲಿ, ಒಂದೊಂದೇ ಪದ ಹೇಳಿದೆ: ಯಾರೋ ನನ್ನ ಎದೆಯ ಮೇಲೆ ಹಾರ್ಮೋನಿಯಂ ಇಟ್ಟಿದ್ದಾರೆ, ತಿದಿಯ ಕೊಕ್ಕೆ ಬಿಚ್ಚಿಲ್ಲ, ನುಡಿಸು ಎನ್ನುತ್ತಿದ್ದಾರೆ.

“ವಾಟ್ ಈಸ್ ಹಾರ್ಮೋನಿಯಂ?”

ನನಗೆ ಅಳು ಬಂತು. ಇಷ್ಟು ಸರಿಯಾಗಿ ಹೇಳಿದರೂ ಈ ದೇಶದಲ್ಲಿ ಹಾರ್ಮೋನಿಯಂ ಗೊತ್ತಿಲ್ಲ. ಕೈಯಿಂದ ತಿದಿ ಎಳೆದು ತೋರಿಸಿದೆ. ಶಹನಾ ಹಿಂದಿನಿಂದ, “ಲೈಕ್ ಎ ಸ್ಮಾಲ್ ಪಿಯಾನೋ” ಎಂದಳು.

“ಪಿಯಾನೋ? ಆನ್ ದ ಚೆಸ್ಟ್?” ನರ್ಸು ಕುರ್ಚಿಯಿಂದ ಎದ್ದೇ ಬಿಟ್ಟಳು. ನಾನು ಮಲಗುವ ಮೊದಲೇ ಅಂಗಿಯ ಗುಂಡಿ ಬಿಚ್ಚಿ ತಂತಿ ಅಂಟಿಸುತ್ತಿದ್ದಳು. ಕಾಗದ ಹೊರಬಂತು. ಅವಳು ಅದನ್ನು ನೋಡಿ ಅರಬಿಯಲ್ಲಿ ಯಾರನ್ನೋ ಕರೆದಳು, ಆಮೇಲೆ ಎಲ್ಲ ಓಟ.

ರಕ್ತನಾಳ ಕಟ್ಟಿದೆ, ಮಣಿಕಟ್ಟಿನಿಂದ ತಂತಿ ಬಿಟ್ಟು ತೆರೆಯಬೇಕು ಎಂದರು. ಸಹಿ ಹಾಕುವ ಕಾಗದ ಅರಬಿಯಲ್ಲಿತ್ತು. ಸಫಿಯಾ ಅದರ ಮೂಲೆ ಹಿಡಿದು ನಿಂತಿದ್ದಳು, ಓದಲು ಬರುವವಳ ಹಾಗೆ. ಒಳಗೆ ಚಳಿ. ತಲೆಯ ಹತ್ತಿರ ಇದ್ದ ನರ್ಸು ಮಲಯಾಳಿ. “ಪೇಡಿಕ್ಕಂಡಾ ಇಕ್ಕಾ” ಎಂದಳು, ಹೆದರಬೇಡಿ ಎಂದು. ಆ ಮಾತು ನಮ್ಮ ಬ್ಯಾರಿಗೆ ಎಷ್ಟು ಹತ್ತಿರ ಎಂದರೆ ನನ್ನ ಉಮ್ಮನೇ ಹೇಳಿದಂತಾಯಿತು. ಸಮಾಧಾನವಾಯಿತು, ಜೊತೆಗೆ ಹೊಟ್ಟೆಯೂ ಉರಿಯಿತು. ಆ ಶುಕ್ರವಾರ ಇವಳು ಎಲ್ಲಿದ್ದಳು?

ವಾರ್ಡಿನಲ್ಲಿ ಮೂರು ದಿನ. ಪಕ್ಕದ ಹಾಸಿಗೆಯ ಒಮಾನಿ ಅಜ್ಜನಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ಕಹ್ವಾ, ಅರಬರ ಕಾಫಿ, ಬರುತ್ತಿತ್ತು, ಅವನಿಗೆ ಕುಡಿಯಲು ಬಿಡುತ್ತಿರಲಿಲ್ಲ. ಅವನು ಅದನ್ನು ನನಗೆ ಕೊಡಿಸಲು ನೋಡುತ್ತಿದ್ದ, ನನಗೂ ಬಿಡುತ್ತಿರಲಿಲ್ಲ. ಇಬ್ಬರೂ ಫ್ಲಾಸ್ಕಿನ ವಾಸನೆ ತೆಗೆದುಕೊಂಡು ಕುಳಿತಿರುತ್ತಿದ್ದೆವು. ಆ ದಿನಗಳಲ್ಲಿ ನನಗೆ ಹಿತವೆನಿಸಿದ ಜೊತೆ ಅದೊಂದೇ. ನೋಡಲು ಬಂದ ನಮ್ಮವರು ದಾಳಿಂಬೆ ಸಿಪ್ಪೆಯ ಕಷಾಯ, ಬೆಳ್ಳುಳ್ಳಿ, ಇಂಥ ಊರಿನ ಇಂಥ ಹಕೀಮ ಎಂದರು. ಒಬ್ಬರು, “ಕಾದರನ ಟೆನ್ಷನ್ನಿನಿಂದಲೇ ನಿಮಗೆ ಹೀಗಾದದ್ದು” ಎಂದರು, ಸತ್ತವನು ಇದಕ್ಕೂ ಉತ್ತರ ಕೊಡಬೇಕು ಎಂಬಂತೆ.

ಬಿಡುಗಡೆಯ ದಿನ ಹೃದಯದ ಡಾಕ್ಟರರಿಗೆ ಕಾದರನ ವಿಷಯ ಹೇಳಿ ಕೇಳಿದೆ. ಮೈಸೂರಿನ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. “ಹಿಂದಿನ ದಿನ ಇಸಿಜಿ ಮಾಡಿದ್ದಿದ್ದರೆ ನನ್ನ ಸ್ನೇಹಿತ ಉಳಿಯುತ್ತಿದ್ದನಾ ಸಾರ್?”

ಅವರು ಫೈಲ್ ಮುಚ್ಚಿದರು. “ಹೇಳೋಕೆ ಬರಲ್ಲ. ಆ ಹೊತ್ತಿಗೆ ಅದರಲ್ಲಿ ಕಾಣಿಸದೆಯೂ ಇರಬಹುದಿತ್ತು.”

“ಕಾಣಿಸಲೂಬಹುದಿತ್ತು.”

“ಕಾಣಿಸಲೂಬಹುದಿತ್ತು” ಎಂದು ಅವರೂ ಒಪ್ಪಿದರು. ಅದಕ್ಕಿಂತ ಹೆಚ್ಚು ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ. ಈ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಮಾತ್ರೆಯಲ್ಲ, ಉಪ್ಪಿಲ್ಲದ ಮೀನಿನ ಸಾರಲ್ಲ, ಈ ‘ಬಹುದಿತ್ತು’.

ಇದನ್ನು ಓದುವವರಲ್ಲಿ ಯಾರಾದರೂ ಹಿರಿಯರನ್ನೋ ಸ್ನೇಹಿತರನ್ನೋ ಕರೆದುಕೊಂಡು ಆಸ್ಪತ್ರೆಗೆ ಹೋಗುವವರಿರಬಹುದು, ನಿಮಗೆ ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ. ಒಂದು ಮಾತು. ಅವರು ಹೇಳಿದ್ದನ್ನು ಹೇಳಿ. ಹಾಸ್ಯಾಸ್ಪದವಾಗಿ ಕೇಳಲಿ, ಉದ್ದವಾಗಲಿ, ಹಿಂದಿನವರು ಗೊಣಗಲಿ. ನಿಮ್ಮ ಬುದ್ಧಿವಂತಿಕೆ ಅಲ್ಲಿ ಬೇಡ.

ಇದ್ದತ್ ಮುಗಿದ ವಾರದಲ್ಲಿ ಸಫಿಯಾಳೂ ನಾನೂ ಮಬೇಲಾಕ್ಕೆ ಹೋದೆವು. ಮೂರು ಮಹಡಿಯ ಮೆಟ್ಟಿಲಿಗೆ ನಾನು ಎರಡು ಕಡೆ ನಿಂತೆ. ಜೋಹರಾ ಬಾಗಿಲು ತೆರೆದಳು, ತುಂಬ ಸೊರಗಿದ್ದಳು.

“ಬನ್ನಿ ಹಸನ್ ಕಾಕ. ನಿಮಗೆ ಹೇಗುಂಟು ಈಗ?”

ಚಹಾ ಇಟ್ಟಳು. ಸಕ್ಕರೆ ಹಾಕಿರಲಿಲ್ಲ, ನೆನಪಿಟ್ಟುಕೊಂಡಿದ್ದಳು. ಅದು ತಣ್ಣಗಾಗುವವರೆಗೂ ನಾನು ಹೇಳಿದೆ. ಸೋಡ ಹೇಳಿದೆ, ರಸ್ತೆ ನಡೆದು ದಾಟಿದ್ದು ಹೇಳಿದೆ, ಕೌಂಟರು, ‘ಗ್ಯಾಸ್ಟ್ರಿಕ್’, ಡಾಕ್ಟರ ಪ್ರಶ್ನೆ, ನನ್ನ ‘ನೋ’. ಏನನ್ನೂ ಬಿಡಲಿಲ್ಲ. ಸಫಿಯಾ ನೆಲ ನೋಡುತ್ತಿದ್ದಳು.

ಜೋಹರಾ ಕೇಳಿದಳು. “ಅವರು ಸರಿಯಾಗಿ ಎಂಥ ಹೇಳಿದ್ದು? ಅವರ ಮಾತು ಹೇಳಿ.”

ಹೇಳಿದೆ. ಪೆಟ್ಟಿಗೆ, ತಿದಿ, ಕೊಕ್ಕೆ, ನುಡಿಸು ನುಡಿಸು.

“ಇನ್ನೊಮ್ಮೆ.”

ಇನ್ನೊಮ್ಮೆ ಹೇಳಿದೆ. ಅವಳ ತುಟಿ ನನ್ನೊಟ್ಟಿಗೇ ಅಲ್ಲಾಡುತ್ತಿತ್ತು, ಬಾಯಿಪಾಠ ಮಾಡುವವರ ಹಾಗೆ.

“ನನ್ನ ಹತ್ತಿರ ಸಂಜೆ, ಏನಿಲ್ಲ ಏನಿಲ್ಲ ಅಂತ ಮಾತ್ರ ಹೇಳಿದ್ದು” ಎಂದಳು. “ನಿಮಗೆ ಇಷ್ಟು ಹೇಳಿದ್ದಾರೆ.” ಆಮೇಲೆ ಸ್ವರ ಗಟ್ಟಿಯಾಯಿತು. “ಮಾಫ್ ಮಾಡು ಅಂತ ಈಗ ಕೇಳ್ಬೇಡಿ. ನನ್ನಿಂದ ಈಗ ಆಗುವುದಿಲ್ಲ.”

“ಕೇಳ್ಲಿಕ್ಕೆ ಬಂದದ್ದಲ್ಲ” ಎಂದೆ. ಅದೂ ಅರ್ಧ ಸುಳ್ಳು.

ಅವಳು ಎದ್ದು ಒಳಗೆ ಹೋದಳು. ಇನ್ನು ಹೊರಡಬೇಕು ಎಂದು ಸಫಿಯಾ ಪರ್ಸ್ ಎತ್ತಿಕೊಂಡಳು. ಜೋಹರಾ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಒಳಗೆ ರೆಕ್ಸಿನ್ ತುಂಡುಗಳು, ಕಂದು, ಕಪ್ಪು, ಬೂದು. ವರ್ಕ್‌ಶಾಪು ಖಾಲಿ ಮಾಡಿದವರು ಕಸ ಎಂದುಕೊಂಡದ್ದನ್ನು ಅವಳು ತರಿಸಿ ಇಟ್ಟಿದ್ದಳು. ಒಂದಕ್ಕೊಂದು ತಾಗಿ ಚಾಕ್‌ಪೀಸಿನ ಅಕ್ಷರ ಅಲ್ಲಲ್ಲಿ ಅಳಿಸಿತ್ತು. ಜೋಹರಾಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದು ನನಗೆ ಗೊತ್ತಿತ್ತು, ಇಷ್ಟು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ. ಗಂಡನ ಸಾಲುಗಳನ್ನು ಅವಳು ಕೇಳಿದ್ದೆಲ್ಲ ನಾನು ಕತ್ತರಿಸಿದ ಮೇಲೆ, ನನ್ನ ಗಂಟಲಿನಲ್ಲಿ.

ಎಲ್ಲಕ್ಕಿಂತ ಮೇಲಿನ ತುಂಡನ್ನು ನನ್ನ ಕೈಗೆ ಕೊಟ್ಟಳು.

“ಓದಿ” ಎಂದಳು. “ಒಂದಕ್ಷರ ಕಡಿಮೆ ಮಾಡ್ಬೇಡಿ.”

ಬೂದು ಬಣ್ಣದ ತುಂಡು, ಯಾವುದೋ ಸೀಟಿನ ಅಂಚು, ಮೊಳದಷ್ಟು ಉದ್ದ. ಸಾಲು ಈ ತುದಿಯಿಂದ ಆ ತುದಿಗೆ ಹೋಗಿ, ಜಾಗ ಸಾಲದೆ ಹಿಂಬದಿಗೆ ತಿರುಗಿತ್ತು. ‘ಮಧ್ಯಾಹ್ನ ಬಿಸಿಲಿಗೆ ಕಾದ ಸೀಟಿನಲ್ಲಿ ಕೂತವನು ಒಂದು ಸಲ ಏಳ್ತಾನೆ ನೋಡು, ಹಾಗೆ ನಾನು ಊರಿನಿಂದ ಎದ್ದು ಬಂದವನು, ಕೂತುಕೊಳ್ಳುವ ಜಾಗ ನನ್ನದೇ ಆಗಿತ್ತು, ಕೂರ್ಲಿಕ್ಕೆ ಮಾತ್ರ ಆಗ್ಲಿಲ್ಲ.’ ಯಾವ ತಾಳಕ್ಕೂ ಕೂರದ ಸಾಲು. ಹಳೆಯ ಅಭ್ಯಾಸ, ಓದುವಾಗಲೇ ಒಳಗೆ ಕತ್ತರಿ ಹೊರಟಿತ್ತು, ‘ಬಿಸಿಲ ಸೀಟು’ ಎಂದು. ತಡೆದೆ. ಅರ್ಧಕ್ಕೆ ಉಸಿರು ಸಾಲಲಿಲ್ಲ. ನಿಂತು, ಉಸಿರು ತೆಗೆದುಕೊಂಡು, ತುಂಡನ್ನು ತಿರುಗಿಸಿ ಹಿಂಬದಿಯದನ್ನೂ ಓದಿದೆ.

ಜೋಹರಾ ಚೀಲದಿಂದ ಎರಡನೆಯದನ್ನು ತೆಗೆದಳು.